ತಲೆ ಬಾಚಿಕೊಳ್ಳುವ ಪಾಠ

ಅಂದು ಬೆಳಿಗ್ಗೆ ಮೇಷ್ಟ್ರು ಎದ್ದದ್ದೇನೋ ನಿಜ. ಆದರೆ ತಾವಾಗಿಯೇ ಎದ್ದರು ಎಂದರೆ ಅವರ ಮನೆಯ ಗೋಡೆಯೂ ನಕ್ಕೀತು. ಹೆಂಡತಿ ಮೊದಲು ಬಾಗಿಲಲ್ಲಿ ನಿಂತು ಕರೆದಳು, ಆಮೇಲೆ ಹೊದಿಕೆ ಎಳೆದಳು, ಕೊನೆಗೆ ಪ್ಲಾಸ್ಟರ್ ಹಾಕಿದ ಬಲಗೈಯನ್ನು ಎದೆಗೆ ಒತ್ತಿಕೊಂಡು ಎಡಗೈಯಿಂದ ಭುಜ ಹಿಡಿದು ಅಲುಗಾಡಿಸಿದಳು. ಆಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ "ಮೆ ಲೆವಾಂತೊ" ಎಂದರು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಏಳುತ್ತೇನೆ ಎಂದರ್ಥ. ಬಿಡಿಸಿ ಹೇಳುವುದಾದರೆ, ನನ್ನನ್ನು ನಾನೇ ಎಬ್ಬಿಸಿಕೊಳ್ಳುತ್ತೇನೆ. ಹಾಗೆಂದು ಹೇಳಿ ಮಗ್ಗುಲು ಬದಲಿಸಿದರು. ಇಷ್ಟು ವರ್ಷ ಆ ಭಾಷೆ ಕಲಿಸಿದವರಿಗೆ ನಿದ್ದೆಯಲ್ಲೂ ಉಚ್ಚಾರಣೆ ತಪ್ಪುತ್ತಿರಲಿಲ್ಲ, ಏಳುವುದೊಂದೇ ತಪ್ಪುತ್ತಿತ್ತು. "ರೀ, ನಿಮ್ಮ ಪ್ರಿನ್ಸಿಪಾಲರು ಪಾಠ ನೋಡೋಕೆ ಬರೋದು ಇವತ್ತೇ ಅಲ್ವಾ?" ಎಂದು ಅವಳು ಕಿವಿಯ ಹತ್ತಿರ ಹೇಳಿದಾಗ ಮಾತ್ರ ಬೆಂಕಿ ಮುಟ್ಟಿದವರ ಹಾಗೆ ಎದ್ದು ಕೂತರು. ಭಾಷಾ ಸಂಸ್ಥೆಯಲ್ಲಿ ಸ್ಪ್ಯಾನಿಷ್ ಕಲಿಸುವವರು ಇಬ್ಬರು. ಮುಂದಿನ ತಿಂಗಳಿಂದ ಉಳಿಯುವವರು ಒಬ್ಬರೇ. ಇನ್ನೊಬ್ಬಳು ಹೊಸ ಮೇಡಂ, ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಕುಣಿಸಿ ಪಾಠ ಮಾಡುವವಳು. ನಿನ್ನೆ ಅವಳ ತರಗತಿಗೆ ಹೋಗಿ ಕೂತಿದ್ದ ಪ್ರಿನ್ಸಿಪಾಲರು ಪಾಠ ಮುಗಿದ ಮೇಲೆ ಅವಳ ಜೊತೆ ನಿಂತು ನಗುನಗುತ್ತಾ ಕಾಫಿ ಕುಡಿದಿದ್ದರು. ಕುಡಿದವರು ಅವರಾದರೂ ಆ ಕಾಫಿ ಇನ್ನೂ ಇಳಿಯದೆ ನಿಂತಿದ್ದದ್ದು ಮೇಷ್ಟ್ರ ಗಂಟಲಲ್ಲಿ.

ಆದರೆ ಮೇಷ್ಟ್ರ ಹತ್ತಿರ ಒಂದು ಬ್ರಹ್ಮಾಸ್ತ್ರವಿತ್ತು. ತನ್ನನ್ನು ತಾನೇ ಏಳಿಸಿಕೊಳ್ಳುವ, ತೊಳೆದುಕೊಳ್ಳುವ, ಬಾಚಿಕೊಳ್ಳುವ, ಉಟ್ಟುಕೊಳ್ಳುವ ಕ್ರಿಯಾಪದಗಳ ಪಾಠ. ಉಳಿದ ಮೇಷ್ಟ್ರುಗಳು ಹಲಗೆಯ ಮೇಲೆ ಮೆ, ತೆ, ಸೆ, ನೋಸ್ ಎಂದು ಸರ್ವನಾಮಗಳನ್ನು ಕಂಬದ ಹಾಗೆ ಬರೆದು ಉರುಹೊಡೆಸುವ ಜಾಗದಲ್ಲಿ ಇವರು ಒಂದು ಕೈಚೀಲ ತೆರೆದು ಕನ್ನಡಿ, ಸಾಬೂನು, ಟವೆಲ್, ಹಲ್ಲುಜ್ಜುವ ಬ್ರಷ್, ಬಾಚಣಿಗೆಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ಒಬ್ಬ ಮನುಷ್ಯನ ಇಡೀ ಬೆಳಗನ್ನು ಅಭಿನಯಿಸಿ ತೋರಿಸುತ್ತಿದ್ದರು. ವಿದ್ಯಾರ್ಥಿಗಳು ಅವರನ್ನು ಕನ್ನಡಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅದನ್ನು ಅವರು ಬಿರುದೆಂದೇ ತಿಳಿದಿದ್ದರು. ಸಂಸ್ಥೆ ಇಂಥ ಸಾಮಾನಿಗೆ ಬಿಡಿಗಾಸು ಕೊಡುವುದಿಲ್ಲವಾದ್ದರಿಂದ ಆ ಪಾಠವಿದ್ದ ದಿನ ಮನೆಯ ಬಚ್ಚಲೇ ಚೀಲದೊಳಗೆ ಸೇರುತ್ತಿತ್ತು. ಈ ಅಭಿನಯದಲ್ಲಿ ಬರುವ ಮನುಷ್ಯ ಮಾತ್ರ ಬಹಳ ಅಚ್ಚುಕಟ್ಟು. ತಾನೇ ಎದ್ದು, ತಾನೇ ನೀರು ಕಾಯಿಸಿಕೊಂಡು ಮಿಂದು, ತನ್ನ ಬಟ್ಟೆ ತಾನೇ ಹುಡುಕಿಕೊಂಡು, ಕನ್ನಡಿಯಲ್ಲಿ ತನಗೆ ತಾನೇ ಶುಭೋದಯ ಹೇಳಿಕೊಳ್ಳುವವನು. ಆ ಮನುಷ್ಯನನ್ನು ಮೇಷ್ಟ್ರ ಹೆಂಡತಿ ಎಂದೂ ಕಂಡವಳಲ್ಲ. ಅವಳು ಕಂಡವನು "ನನ್ನ ಟವೆಲ್ ಎಲ್ಲಿ?" ಎಂದು ಒದ್ದೆ ಮೈಯಲ್ಲಿ ಬಚ್ಚಲಿನಿಂದ ಕೂಗುವವನು, ಟವೆಲ್ ಅವನ ತಲೆಯ ಮೇಲಿನ ಗೂಟದಲ್ಲೇ ನೇತಾಡುತ್ತಿರುವಾಗ.

ಅವಳ ಕೈ ಮುರಿದದ್ದೂ ಈ ಬ್ರಹ್ಮಾಸ್ತ್ರದ ಅಭ್ಯಾಸದಲ್ಲೇ ಎಂಬುದನ್ನು ಮೇಷ್ಟ್ರು ನೆನೆಯಲು ಇಷ್ಟಪಡುತ್ತಿರಲಿಲ್ಲ; ನೆನಪು ಅವರನ್ನು ಕೇಳಿಕೊಂಡು ಬರುತ್ತಿತ್ತೇ? ಹಲ್ಲುಜ್ಜುತ್ತಾ ಬಚ್ಚಲಿನ ನೆಲ ನೋಡಿದರೆ ಸಾಕು, ಬಂದುಬಿಡುತ್ತಿತ್ತು. ಪ್ರಿನ್ಸಿಪಾಲರು ಪಾಠ ನೋಡುತ್ತಾರೆಂದು ತಿಳಿದ ದಿನವೇ ಸಾಬೂನು ಹಿಡಿದು ಕೈ ತೊಳೆದುಕೊಳ್ಳುವ ಭಾಗವನ್ನು ತಾಲೀಮು ಮಾಡಿದ್ದರು. 'ನನ್ನ ಕೈ ತೊಳೆಯುತ್ತೇನೆ' ಎಂದು ಆ ಭಾಷೆಯಲ್ಲಿ ಹೇಳುವುದಿಲ್ಲ, 'ಕೈ ತೊಳೆದುಕೊಳ್ಳುತ್ತೇನೆ' ಎಂದೇ ಹೇಳುತ್ತಾರೆ, ತೊಳೆದುಕೊಂಡ ಮೇಲೆ ಕೈ ಯಾರದೆಂದು ಬೇರೆ ಹೇಳಬೇಕಿಲ್ಲವಲ್ಲ, ಕನ್ನಡದವರಿಗೆ ಇದು ನೀರು ಕುಡಿದಷ್ಟು ಸುಲಭ ಎಂದು ಗೋಡೆಗೆ ಪಾಠ ಹೇಳಿ, ಗೋಡೆಗೆ ಅರ್ಥವಾಯಿತೆಂದು ತೃಪ್ತಿಪಟ್ಟು, ಸಾಬೂನನ್ನು ಕಾಲಬುಡದಲ್ಲಿ ಬಿಟ್ಟು ಹೊರಬಂದಿದ್ದರು. ಹಿಂದೆಯೇ ಅವಳು ಹೋದಳು. ಆಸ್ಪತ್ರೆಯಲ್ಲಿ ಡಾಕ್ಟರು "ಹೇಗಾಯ್ತು?" ಎಂದು ಕೇಳಿದಾಗ ಮೇಷ್ಟ್ರು "ಕಾಲು ಜಾರಿತಂತೆ" ಎಂದರು. ಆ 'ಅಂತೆ'ಯನ್ನು ಕೇಳಿ, ನೋವಿನಲ್ಲಿ ಮುಖ ಕಿವುಚಿಕೊಂಡಿದ್ದ ಹೆಂಡತಿ ಒಂದು ಕ್ಷಣ ತಿರುಗಿ ನೋಡಿದಳು. ಏನೂ ಹೇಳಲಿಲ್ಲ. ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಆಗಾಗ ಅನ್ನಿಸುತ್ತಿತ್ತು, ಜಗಳವಾಡಿ ಮುಗಿಸಬಹುದಿತ್ತು. ಈಗ ಅದು ಮುಗಿಯದೆ, ಒಣಗದ ಬಟ್ಟೆಯ ಹಾಗೆ ಮನೆಯೊಳಗೇ ನೇತಾಡುತ್ತಿತ್ತು.

ಅವಳು ಕೆಲಸ ಮಾಡುವುದು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ, ಬಾಗಿಲ ಎದುರಿನ ಮೇಜಿನಲ್ಲಿ. ಕೆನ್ನೆ ಊದಿಸಿಕೊಂಡು ಬಂದವರಿಗೆಲ್ಲ ಮೊದಲು ಕಾಣುವುದು ಅವಳ ಮುಖ. ಕೈ ಮುರಿದಾಗಿನಿಂದ ಮನೆಯಲ್ಲಿದ್ದವಳು ಇವತ್ತು ಮತ್ತೆ ಕೆಲಸಕ್ಕೆ ಹೊರಟಿದ್ದಳು. ಇಷ್ಟು ದಿನ ಪಕ್ಕದ ಮನೆಯಾಕೆ ಬಂದು ತಲೆ ಬಾಚಿ ಜಡೆ ಹಾಕಿ ಹೋಗುತ್ತಿದ್ದಳು. ಆಕೆ ನಿನ್ನೆ ಮಗಳ ಊರಿಗೆ ಹೋಗಿದ್ದಳು. "ನಾಳೆ ಒಂಚೂರು ನೀವೇ ಬಾಚಿ ಹೋಗಿ" ಎಂದು ಹೆಂಡತಿ ನಿನ್ನೆ ಸಂಜೆಯೇ ಹೇಳಿದ್ದಳು. ಹೇಳುವಾಗ ಅವಳಿಗೇ ನಾಚಿಕೆಯಾಗಿ ತಟ್ಟೆಯ ಕಡೆ ನೋಡುತ್ತಿದ್ದಳು. "ಅದೇನು ದೊಡ್ಡ ವಿಷಯ? ಇಡೀ ಊರಿಗೆ ಬಾಚಿಕೊಳ್ಳೋದು ಕಲಿಸೋನು ನಾನು" ಎಂದು ಮೇಷ್ಟ್ರು ಧಾರಾಳವಾಗಿ ಒಪ್ಪಿಕೊಂಡಿದ್ದರು. ಈಗ ಅವಳು ಕೂದಲು ಬಿಚ್ಚಿಕೊಂಡು ಕುರ್ಚಿಯಲ್ಲಿ ಕೂತು "ಬರ್ತೀರಾ?" ಎಂದು ಕರೆದಾಗ ಒಳಗಿನಿಂದ "ಬಂದೆ ಬಂದೆ" ಎಂಬ ಉತ್ತರ ಬಂತು. ಬಂದದ್ದು ಉತ್ತರ ಮಾತ್ರ. ಮೇಷ್ಟ್ರು ಚೀಲ ತುಂಬುತ್ತಿದ್ದರು. ಕನ್ನಡಿ, ಸಾಬೂನು, ಟವೆಲ್. ತಮ್ಮ ಬ್ರಷ್ಷಿನ ಎಳೆಗಳೆಲ್ಲ ದಿಕ್ಕಿಗೊಂದಾಗಿ ಬಾಗಿದ್ದರಿಂದ ಪ್ರಿನ್ಸಿಪಾಲರ ಮುಂದೆ ಚೆನ್ನಾಗಿರದೆಂದು ಹೆಂಡತಿಯ ಬ್ರಷ್ ಹಾಕಿಕೊಂಡರು. ಬಾಚಣಿಗೆಯ ವಿಷಯದಲ್ಲೂ ಅದೇ ವಿವೇಕ ತೋರಿಸಿದರು. ತಮ್ಮದು ಹಲ್ಲು ಮುರಿದ ಜೇಬಿನ ಬಾಚಣಿಗೆ, ಹಿಂದಿನ ಬೆಂಚಿಗೆ ಕಾಣುವುದಿಲ್ಲ, ಅವಳದು ಅಗಲವಾಗಿ ಲಕ್ಷಣವಾಗಿದೆ. ಅದು ಎಲ್ಲಿದೆಯೆಂದು ಹುಡುಕಿದರೆ ಅವಳ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೇ ಇತ್ತು. ಮೆ ಪೆಯ್ನೊ, ತೆ ಪೆಯ್ನಾಸ್, ಸೆ ಪೆಯ್ನಾ, ಬಾಚಿಕೊಳ್ಳುತ್ತೇನೆ, ಬಾಚಿಕೊಳ್ಳುತ್ತೀಯೆ, ಬಾಚಿಕೊಳ್ಳುತ್ತಾಳೆ ಎಂದು ಗುನುಗುತ್ತಾ, ಬಟ್ಟೆ ಒಣಗಿದೆಯೇ ಎಂದು ಕಿಟಕಿಯಾಚೆ ನೋಡುತ್ತಿದ್ದ ಹೆಂಡತಿಯ ಬೆನ್ನಹಿಂದಿನಿಂದಲೇ ಅದನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಹೋದರು. ಮೆಟ್ಟಿಲಿಳಿಯುವಾಗ ಏನೋ ಮರೆತ ಹಾಗೆ ಅನ್ನಿಸಿತು. ಚೀಲ ತೆರೆದು ನೋಡಿದರು. ಎಲ್ಲ ಇತ್ತು.

ಬಸ್ಸಿನಲ್ಲಿ ನಿಂತುಕೊಂಡೇ ಹೋಗುವಾಗ, ಮುಂದೆ ಕೂತವನ ಬೋಳುತಲೆ ನೋಡುತ್ತಾ ಮೇಷ್ಟ್ರಿಗೆ ತಮ್ಮ ಅಮ್ಮ ನೆನಪಾದಳು. ಅಮ್ಮ ಎಡಗೈಯಲ್ಲಿ ಗಲ್ಲವನ್ನು ಗಟ್ಟಿಯಾಗಿ ಹಿಡಿದು, ಬಲಗೈಯಲ್ಲಿ ಬಾಚುತ್ತಿದ್ದಳು. ಗಲ್ಲ ನೋಯುತ್ತಿತ್ತು, ಹಲ್ಲು ಒಂದಕ್ಕೊಂದು ತಾಗುತ್ತಿತ್ತು, ಅಲುಗಾಡಿದರೆ ಬಾಚಣಿಗೆಯಲ್ಲೇ ತಲೆಗೊಂದು ಮೊಟಕು. ಅಮ್ಮನ ಕೈಯಿಂದ ಬಿಡಿಸಿಕೊಂಡು ತಾನೇ ಬಾಚಿಕೊಂಡ ದಿನ ಎಂದಾದರೂ ಇತ್ತೇ ಎಂದು ಯೋಚಿಸಿದರು. ಮದುವೆಯ ಹಿಂದಿನ ದಿನದವರೆಗೂ ಅಮ್ಮನೇ ಅಂಗಿ ತೆಗೆದಿಡುತ್ತಿದ್ದಳು, ಮಾರನೆಯ ದಿನದಿಂದ ಹೆಂಡತಿ. ಕಚೇರಿಯಲ್ಲಿ ಒಬ್ಬರು ನಿವೃತ್ತರಾಗಿ ಇನ್ನೊಬ್ಬರು ಅಧಿಕಾರ ವಹಿಸಿಕೊಂಡ ಹಾಗೆ, ನಡುವೆ ಒಂದು ದಿನವೂ ಖಾಲಿ ಬೀಳಲಿಲ್ಲ. ಹೊಸ ಮೇಡಂ ಒಬ್ಬಳೇ ಇರುತ್ತಾಳಂತೆ. ಅವಳಿಗೆ ಈ ಪಾಠದಲ್ಲಿ ನಟಿಸುವ ಅಗತ್ಯವೇ ಇಲ್ಲ ಎಂದು ಮೇಷ್ಟ್ರಿಗೆ ಹೊಳೆಯಿತು. ಕೆಲಸ ಹೋದರೆ ಏನು ಮಾಡುವುದು? ಈ ವಯಸ್ಸಿನಲ್ಲಿ ಬೇರೆ ಯಾರು ಕರೆದು ಕುರ್ಚಿ ಹಾಕುತ್ತಾರೆ? ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಕೂತು, ಕ್ಲಿನಿಕ್ಕಿನಿಂದ ಬರುವ ಹೆಂಡತಿಯನ್ನು ಬಾಗಿಲು ತೆರೆದು ಒಳಗೆ ಕರೆದುಕೊಳ್ಳುವ ಚಿತ್ರ ಕಣ್ಣಮುಂದೆ ಬಂತು. ಬಸ್ಸು ಬ್ರೇಕು ಹಾಕಿದಾಗ ಚೀಲ ಎದೆಗೆ ಬಡಿದು ಎಚ್ಚರವಾಯಿತು.

ತರಗತಿಯ ಬಾಗಿಲ ಮೇಲೆ ಮೇಷ್ಟ್ರೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಹಾಳೆಯಿತ್ತು: ಇಲ್ಲಿಂದ ಒಳಗೆ ಸ್ಪ್ಯಾನಿಷ್ ಮಾತ್ರ. ಅದನ್ನು ಕನ್ನಡದಲ್ಲಿ ಬರೆದಿದ್ದರು, ಇಲ್ಲದಿದ್ದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಳಗೆ ಒಬ್ಬ ನಿವೃತ್ತ ಜಡ್ಜ್, ಒಬ್ಬ ನರ್ಸ್, ಇಬ್ಬರು ಹೋಟೆಲಿನ ಸ್ವಾಗತಕಾರರು, ಇನ್ನೂ ಕೆಲವರು. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲ್ ಮೇಡಂ, ಈ ವರ್ಷವಷ್ಟೇ ಬಂದವರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದರು. ಮೇಷ್ಟ್ರು ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದರು, ಎದ್ದರು, ಮೈ ಮುರಿದರು, ಕೈ ತೊಳೆದುಕೊಂಡರು. ಎಂದೂ ನಗದ ಜಡ್ಜ್ ಗೊರಕೆಗೆ ನಕ್ಕರು. ಪ್ರಿನ್ಸಿಪಾಲರು ನಗಲಿಲ್ಲ, ಗಡಿಯಾರ ನೋಡಿದರು. ಮೇಷ್ಟ್ರು ಅವಸರಪಟ್ಟರು. ಚೀಲಕ್ಕೆ ಕೈಹಾಕಿ ಬಾಚಣಿಗೆ ತೆಗೆದರು. ಅದರ ಹಲ್ಲುಗಳ ನಡುವೆ ಉದ್ದನೆಯ ಕೂದಲೊಂದು ಸುತ್ತಿಕೊಂಡಿತ್ತು, ಅರ್ಧ ಕಪ್ಪು, ಅರ್ಧ ಬಿಳಿ. ಬೆಳಿಗ್ಗೆ ಮೆಟ್ಟಿಲ ಮೇಲೆ ಮರೆತದ್ದೇನೆಂದು ಆಗ ಹೊಳೆಯಿತು. ಕೂದಲು ಬಿಚ್ಚಿ ಕುರ್ಚಿಯಲ್ಲಿ ಕಾಯುತ್ತಿದ್ದವಳು, ಅವಳು ಕೈಚಾಚಿದ ಸ್ಟೂಲು, ಅದರ ಮೇಲೆ ಏನೂ ಇಲ್ಲ. ಥೂ ನನ್ನ, ಎಂದುಕೊಂಡರು. ಬಾಯಿ ಮಾತ್ರ ತನ್ನ ಪಾಡಿಗೆ "ಮೆ ಪೆಯ್ನೊ" ಎಂದಿತು, ಕೈ ಬಾಚಣಿಗೆಯನ್ನು ನೆತ್ತಿಯ ಮೇಲೆ ಎಳೆಯಿತು. ಅಲ್ಲಿ ಬಾಚಲು ಹೆಚ್ಚೇನೂ ಉಳಿದಿರಲಿಲ್ಲವಾದ್ದರಿಂದ ತರಗತಿ ಮತ್ತೆ ನಕ್ಕಿತು, ಪ್ರಿನ್ಸಿಪಾಲರು ಮತ್ತೆ ಗಡಿಯಾರ ನೋಡಿದರು, ಮತ್ತು ಬಾಗಿಲು ತೆರೆಯಿತು.

ಅವಳು ನಿಂತಿದ್ದಳು. ಕ್ಲಿನಿಕ್ಕು ಹಿಂದಿನ ರಸ್ತೆಯಲ್ಲೇ, ದಾರಿಯಲ್ಲಿ ಇಳಿದಿದ್ದಾಳೆ. ಒಳ್ಳೆಯ ಸೀರೆ, ಒಂದೇ ಕೈಯಲ್ಲಿ ಸುತ್ತಿದ್ದರಿಂದ ಸೊಂಟದಲ್ಲಿ ಗಂಟುಗಂಟು. ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಬಿಳಿ ಪ್ಲಾಸ್ಟರಿನ ಕೈ. ಹೆಗಲಿನ ತುಂಬ ಕೆದರಿದ ಕೂದಲು, ಬಸ್ಸಿನ ಗಾಳಿಗೆ ಇನ್ನಷ್ಟು ಕೆದರಿ ಮುಖಕ್ಕೆಲ್ಲ ಅಂಟಿತ್ತು. ಇಷ್ಟು ಜನರಿರುತ್ತಾರೆಂದು ಅವಳು ಎಣಿಸಿರಲಿಲ್ಲ. ಗಂಡನ ಕೈಯಲ್ಲಿದ್ದುದನ್ನು ತೋರಿಸಿ "ಬಾಚಣಿಗೆ..." ಎಂದಳು. ಯಾರೋ ಕಿಸಕ್ಕೆಂದರು. ಪ್ರಿನ್ಸಿಪಾಲರು ಕನ್ನಡಕ ಮೇಲೆ ಸರಿಸಿ, ಸ್ಪ್ಯಾನಿಷ್‌ನಲ್ಲಿ, ಈ ಹೆಂಗಸು ಯಾರು ಎಂದು ಕೇಳಿದರು. ಬಹಳ ಸುಲಭದ ಪ್ರಶ್ನೆ, ಮೊದಲ ವಾರದ ಪಾಠದ್ದು. ಉತ್ತರವೂ ಎರಡೇ ಮಾತು. ಆದರೆ ಆ ಎರಡು ಮಾತಿನ ಹಿಂದೆಯೇ ಬಾಚಣಿಗೆ ಯಾರದು, ಬ್ರಷ್ ಯಾರದು, ತಾನೇ ತಾನಾಗಿ ಎದ್ದು ಮಿಂದು ಬಾಚಿಕೊಂಡು ಬಂದ ಈ ಅಚ್ಚುಕಟ್ಟಾದ ಮನುಷ್ಯ ಯಾರು ಎಂದು ಸಾಲಾಗಿ ಹೊರಬೀಳುತ್ತದೆ. ನಾಳೆ ಇಡೀ ಸಂಸ್ಥೆಗೆ ಅದೇ ಕಾಫಿಯ ಜೊತೆಗಿನ ಮಾತು. ಮೇಷ್ಟ್ರ ನಾಲಿಗೆ ಒಂದು ಸುತ್ತು ತಿರುಗಿ "ಊನಾ ಆಕ್ತ್ರೀಸ್" ಎಂದುಬಿಟ್ಟಿತು. ನಟಿ. ಪಾಠಕ್ಕೆಂದೇ ಗೊತ್ತುಮಾಡಿ ಕರೆಸಿದ್ದೇನೆ ಎಂದು ಸೇರಿಸಿತು. ತನ್ನ ತಲೆ ಬಾಚಿಕೊಳ್ಳುವುದಕ್ಕೂ ಇನ್ನೊಬ್ಬರ ತಲೆ ಬಾಚುವುದಕ್ಕೂ ಇರುವ ವ್ಯತ್ಯಾಸ ತೋರಿಸಲು. ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. ಪ್ರಿನ್ಸಿಪಾಲರ ಹುಬ್ಬು ಮೊದಲ ಸಲ ಮೇಲೇರಿತು, ಬೆನ್ನು ನೆಟ್ಟಗಾಯಿತು.

ಮೇಷ್ಟ್ರು ಕುರ್ಚಿ ಎಳೆದು ಬಾ ಎಂದು ಸನ್ನೆ ಮಾಡಿದರು. ಅವಳು ಹಿಂಜರಿದಳು. ಇಷ್ಟು ಜನರ ಮುಂದೆಯೇ ಎಂದು ಕಣ್ಣಲ್ಲೇ ಕೇಳಿದಳು. ಹೌದೆಂದು ಇವರು ಕಣ್ಣಲ್ಲೇ ಹೇಳಿದರು. ಅವಳ ಮುಖ ಕೆಂಪಾಯಿತು; ಬಂದು, ಮಡಿಲ ಮೇಲೆ ಎಡಗೈ ಇಟ್ಟುಕೊಂಡು, ಫೋಟೋಗೆ ಕೂತವಳ ಹಾಗೆ ಕೂತಳು. ನರ್ಸ್ ಎದ್ದು ಬಂದು ಜೋಳಿಗೆಯ ಗಂಟನ್ನು ಸರಿಮಾಡಿ ಹೋದಳು. ಲಾ ಪೆಯ್ನೊ, ಇವಳ ತಲೆ ಬಾಚುತ್ತೇನೆ, ಎಂದು ಮೇಷ್ಟ್ರು ಶುರುಮಾಡಿದರು. ನೋಡಿ, ಇಲ್ಲಿ ಮೆ ಹೋಯಿತು, ಲಾ ಬಂತು. ಮಾಡುವವನು ಬೇರೆ, ಮಾಡಿಸಿಕೊಳ್ಳುವವಳು ಬೇರೆ. ತರಗತಿ ಒಂದೇ ದನಿಯಲ್ಲಿ ಹೇಳಿತು. ಮೊದಲ ಎಳೆತಕ್ಕೇ ಸಿಕ್ಕು ಸಿಕ್ಕಿ ಅವಳ ತಲೆ ಹಿಂದಕ್ಕೆ ಬಂತು. ಹೇಗೆ ಹಿಡಿಯಬೇಕೆಂದು ತೋಚದೆ ಮೇಷ್ಟ್ರು ಎಡಗೈಯಿಂದ ಅವಳ ಗಲ್ಲ ಹಿಡಿದರು, ಅಮ್ಮ ಹಿಡಿಯುತ್ತಿದ್ದ ಹಾಗೆ. ಅವಳು ನಕ್ಕದ್ದು ಅಂಗೈಗೆ ತಿಳಿಯಿತು. ಕಿವಿಯ ಹಿಂದೆ ಒಂದು ಸಣ್ಣ ಹಳೆಯ ಗಾಯದ ಗುರುತಿತ್ತು. ಇಷ್ಟು ವರ್ಷದಲ್ಲಿ ನೋಡಿಯೇ ಇರಲಿಲ್ಲ. ಎಂದಾದದ್ದು? ಕೇಳಬೇಕು. ಇಲ್ಲಿ ಕೇಳುವಂತಿಲ್ಲ, ಸ್ಪ್ಯಾನಿಷ್ ಮಾತ್ರ. ಕತ್ತಿನ ಹತ್ತಿರದ ಕೂದಲು ಮಗುವಿನದರ ಹಾಗೆ ತೆಳ್ಳಗಿತ್ತು, ಬಿಳಿ ಎಲ್ಲ ಅಲ್ಲಿಂದಲೇ ಶುರುವಾಗಿತ್ತು. ಅಯ್ಯೋ, ಇವಳು ಮುದುಕಿಯಾಗುತ್ತಿದ್ದಾಳೆ, ನನಗೆ ಇವಳ ಮೇಲೆ ಎಷ್ಟೊಂದು ಪ್ರೀತಿ, ಎಂದು ಮೇಷ್ಟ್ರಿಗೆ ಸ್ಪಷ್ಟವಾಗಿ ಅನ್ನಿಸಿತು. ಅನ್ನಿಸಿದ ಮರುಗಳಿಗೆ, ಕೈ ನಿಧಾನವಾದದ್ದು ಹಿಂದಿನ ಬೆಂಚಿಗೆ ಕಾಣುತ್ತಿದೆ, ಪಾಠಕ್ಕೆ ಒಳ್ಳೆಯದಾಯಿತು ಎಂದೂ ಅನ್ನಿಸಿತು. ಈ ಎರಡು ಅನ್ನಿಸಿಕೆಗಳಲ್ಲಿ ಯಾವುದು ಮೊದಲಿನದೆಂದು ತಮ್ಮಲ್ಲೇ ವಿಚಾರಣೆ ನಡೆಸುತ್ತಾ ಮೂರು ಎಳೆ ಮಾಡಿ ಜಡೆ ಹೆಣೆದರು. ಜಡೆ ಸೊಟ್ಟಗಾಯಿತು. ಜಡ್ಜ್ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವರ ಹಿಂದೆ ಎಲ್ಲರೂ ತಟ್ಟಿದರು, ಪ್ರಿನ್ಸಿಪಾಲರೂ.

ಕಾರಿಡಾರಿನಲ್ಲಿ ಅವಳು ಜಡೆಯನ್ನು ಮುಂದಕ್ಕೆ ಎಳೆದು ನೋಡಿಕೊಂಡಳು. ಕಣ್ಣು ಒದ್ದೆಯಾಗಿತ್ತು.

"ಬರೋವಾಗ ನಿಮಗೆ ಚೆನ್ನಾಗಿ ಬೈಬೇಕು ಅಂತಿದ್ದೆ. ದಾರಿ ಉದ್ದಕ್ಕೂ ಅದನ್ನೇ ಜೋಡಿಸ್ಕೊಂಡು ಬಂದೆ."

"ಬೈಯಿ. ಬೈಬೇಕಾದ್ದೇ."

"ಎಲ್ಲ ಮರೆತುಹೋಯ್ತು. ಅಷ್ಟು ಜನರ ಎದುರಿಗೆ, ಕೆಲಸದ ಜಾಗದಲ್ಲಿ... ನೀವು ಹೀಗೆ ಮಾಡ್ತೀರಿ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ ಕಣ್ರೀ." ಸೆರಗಿನಿಂದ ಮೂಗೊರೆಸಿಕೊಂಡಳು. "ಆ ಮೇಡಂ ಕೇಳಿದ್ರಲ್ಲ, ನಾನು ಯಾರು ಅಂತ ತಾನೇ? ಏನಂದ್ರಿ?"

"ಏನಂತೀನಿ? ನನ್ನ ಹೆಂಡತಿ ಅಂದೆ."

"ಅದನ್ನ ಆ ಭಾಷೇಲಿ ಹೇಗಂತಾರೆ?"

ಮೇಷ್ಟ್ರು ಅತ್ತಿತ್ತ ನೋಡಿದರು. "ಈಗ್ಯಾಕೆ? ನಿಂಗೆ ಲೇಟಾಗಲ್ವಾ?"

"ಹೇಳ್ರೀ. ನಾನೇ ಇಂಥವಳು ಅಂತ ಹೇಳ್ಕೊಳ್ಳೋದು ಹೇಗೆ?"

"ಸೋಯ್ ಸು ಎಸ್ಪೋಸಾ." ನಾನು ಇವರ ಹೆಂಡತಿ. ಅವಳು ತುಟಿಯೊಳಗೇ ಹೇಳಿಕೊಂಡು ನೋಡಿದಳು, ತಪ್ಪಿದಳು, ಇನ್ನೊಮ್ಮೆ ಕೇಳಿ ತಿದ್ದಿಕೊಂಡಳು. ಇಷ್ಟು ವರ್ಷ ಅವಳು ಆ ಭಾಷೆಯ ಒಂದು ಮಾತನ್ನೂ ಕೇಳಿ ಕಲಿತವಳಲ್ಲ. ಅಷ್ಟರಲ್ಲಿ ತರಗತಿಯ ಬಾಗಿಲು ತೆರೆದು ಪ್ರಿನ್ಸಿಪಾಲರು ಹೊರಗೆ ಬಂದರು, ಮುಖದ ತುಂಬ ನಗು. ಮೇಷ್ಟ್ರ ಕೈ ಕುಲುಕಿದರು. ಮುಂದಿನ ತಿಂಗಳ ವೇಳಾಪಟ್ಟಿಯ ಬಗ್ಗೆ ನಾಳೆ ಕೂತು ಮಾತಾಡೋಣ, ಯೋಚನೆ ಬೇಡ ಎಂದರು. ಕೆಲಸ ಉಳಿಯಿತು. ಹಾಗೆಂದು ಮೇಷ್ಟ್ರಿಗೆ ಅರ್ಥವಾಗುತ್ತಿರುವಾಗಲೇ ಪ್ರಿನ್ಸಿಪಾಲರು ಅವಳ ಕಡೆ ತಿರುಗಿ ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದರು. ಅವಳಿಗೆ ಒಂದಕ್ಷರ ತಿಳಿಯಲಿಲ್ಲ, ಯಾರೆಂದು ಕೇಳುತ್ತಿದ್ದಾರೆಂದುಕೊಂಡಳು. ಎಡಗೈಯನ್ನು ಎದೆಯ ಮೇಲಿಟ್ಟು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗಿಯ ಹಾಗೆ, "ಸೋಯ್ ಸು ಎಸ್ಪೋಸಾ" ಎಂದಳು.

ಪ್ರಿನ್ಸಿಪಾಲರು ಗೊಳ್ಳೆಂದು ನಕ್ಕರು. "ಪಾಠ ಮುಗೀತಮ್ಮ, ಇಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೇರೆ ತರಗತಿಗೂ ಬರ್ತೀರಾ ಅಂತ ಕೇಳ್ದೆ. ಇವರು ಹೇಳಿದ್ರು, ನೀವು ನಾಟಕದವರಂತೆ, ಇವತ್ತಿಗೆ ಅಂತ ಗೊತ್ತು ಮಾಡಿ ಕರೆಸಿದ್ರಂತೆ. ಒಂದು ಪಾಠಕ್ಕೆ ಎಷ್ಟು ತಗೋತೀರಿ?"

ಕಾರಿಡಾರಿನ ಕೊನೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದು ಬಂತು. ಎದೆಯ ಮೇಲಿದ್ದ ಅವಳ ಕೈ ಮೆಲ್ಲಗೆ ಕೆಳಗಿಳಿಯಿತು. ಅವಳು ಗಂಡನ ಕಡೆ ನೋಡಿದಳು. ಆಸ್ಪತ್ರೆಯಲ್ಲಿ ನೋಡಿದ ಹಾಗೆ ಅಲ್ಲ, ಉತ್ತರ ಬರಲೆಂದು, ಸಾಕಷ್ಟು ಹೊತ್ತು ಕೊಟ್ಟು. ಈಗ ಹೇಳಿಬಿಡಬೇಕು, ಈಗ, ಎಂದು ಮೇಷ್ಟ್ರು ಬಾಯಿ ತೆರೆದರು. ಎರಡು ಭಾಷೆಗಳಿದ್ದ ಬಾಯಿ. ನಾಳೆ ಕೂತು ಮಾತಾಡೋಣ ಎಂದ ಪ್ರಿನ್ಸಿಪಾಲರ ನಗುಮುಖ ಪಕ್ಕದಲ್ಲೇ ಇತ್ತು. ತೆರೆದ ಬಾಯಿಯನ್ನು ಏನಾದರೂ ಮಾಡಬೇಕಲ್ಲ ಎಂದು ಕೆಮ್ಮಿದರು.

ಅವಳು ಪ್ರಿನ್ಸಿಪಾಲರ ಕಡೆ ತಿರುಗಿದಳು. ಕ್ಲಿನಿಕ್ಕಿನ ಮೇಜಿನಲ್ಲಿ ಹಲ್ಲುನೋವಿನವರಿಗೆ ಸಮಾಧಾನ ಹೇಳುವ ದನಿ ಅದು. "ಕೈ ವಾಸಿಯಾಗ್ಲಿ ಮೇಡಂ, ಆಮೇಲೆ ಹೇಳ್ತೀನಿ. ಇವರ ಹತ್ರ ಮಾತ್ರ ಇದುವರೆಗೂ ಏನೂ ತಗೊಂಡಿಲ್ಲ." ಸೆರಗು ಸರಿಮಾಡಿಕೊಂಡು, ಮೇಷ್ಟ್ರಿಗೆ ತಲೆ ಬಾಗಿಸಿ, "ಬರ್ತೀನಿ ಸಾರ್" ಎಂದಳು.

ಅವಳು ಮೆಟ್ಟಿಲಿಳಿದು ಹೋಗುವುದನ್ನು ಇಬ್ಬರೂ ನೋಡಿದರು.

"ಎಂಥಾ ನಟಿ ಮೇಷ್ಟ್ರೇ!" ಎಂದರು ಪ್ರಿನ್ಸಿಪಾಲರು. "ಹೆಂಡತಿ ಅಂದಾಗ ನಾನೂ ಒಂದು ಕ್ಷಣ ನಂಬಿಬಿಟ್ಟೆ."

"ಹೌದು ಮೇಡಂ" ಎಂದರು ಮೇಷ್ಟ್ರು.